ಮೂರು ಸಲ ಕೇಳಬೇಕು

ಲ್ಯಾಬಿನ ಮ್ಯಾನೇಜರ್ ಕ್ರೇಗ್ ಡೋನಟ್ಟಿನ ಪೆಟ್ಟಿಗೆಯನ್ನು ಟೈಲರನ ಮೂಗಿನ ಕೆಳಗೆ ಹಿಡಿದು, “ಒಂದನೇ ಸಲ ಕೇಳ್ತಿದೀನಿ, ಬೇಕಾ?” ಎಂದ.

ಟೈಲರ್ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು, ಭುಜ ಕುಗ್ಗಿಸಿ, ಕೀಚಲು ದನಿ ತೆಗೆದ. “ಬೇಡ ಬೇಡ, ನನಗೆ ವಯಸ್ಸಾಯ್ತು, ನನ್ನ ಇಂಗ್ಲಿಷ್ ಚೆನ್ನಾಗಿಲ್ಲ.”

“ಎರಡನೇ ಸಲ?”

“ಬೇಡ ಬೇಡ, ನನಗಿಂತ ಒಳ್ಳೆಯವರಿದಾರೆ.”

“ಮೂರನೇ ಸಲ?”

ಟೈಲರ್ ಎರಡು ಡೋನಟ್ ಒಟ್ಟಿಗೇ ಎತ್ತಿಕೊಂಡ. ಸೋಮವಾರದ ಮೀಟಿಂಗಿಗೆ ಕೂತಿದ್ದ ಇಡೀ ಮೇಜು ಗೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಹ್ವೇಲಾನ್. ಅವರು ಅಣಕಿಸಿದ್ದೆಲ್ಲ ಅವಳನ್ನೇ. ಐವತ್ತೆಂಟು ವರ್ಷದ ಚೀನೀ ಹೆಂಗಸು, ಕೈಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡೇ ನಕ್ಕಳು. ಅವಳ ಇನ್ನೊಂದು ಕೈ ಮೇಜಿನ ಕೆಳಗೆ ತನ್ನದೇ ತೊಡೆಯನ್ನು ಚಿವುಟಿ ಹಿಡಿದಿದ್ದು ಪಕ್ಕದಲ್ಲಿದ್ದ ನಿವೇದಿತಾಳಿಗೆ ಮಾತ್ರ ಕಂಡಿತು.

ನಗಿ, ನಗಿ ಎಂದು ನಿವೇದಿತಾ ಹಲ್ಲು ಕಚ್ಚಿಕೊಂಡಳು. ನಿಮ್ಮ ನಗುವನ್ನು ನಿಮ್ಮ ಗಂಟಲಲ್ಲೇ ಸಿಕ್ಕಿಸದಿದ್ದರೆ ನನ್ನ ಹೆಸರು ಬೇರೆ ಇಡಿ. ಐದು ತಿಂಗಳಿಂದ ಅವಳು ಈ ಮಾತನ್ನು ಮನಸ್ಸಿನಲ್ಲೇ ಮಸೆಯುತ್ತಿದ್ದಳು. ಕತ್ತಿ ಚೂಪಾಗಿತ್ತು. ಬೀಸುವ ಜಾಗ ಮಾತ್ರ ಸಿಕ್ಕಿರಲಿಲ್ಲ.

ವಾಲ್ನಟ್ ಕ್ರೀಕಿನ ಆ ಲ್ಯಾಬಿಗೆ ಸುತ್ತಲಿನ ಊರುಗಳ ಬಾವಿ, ಶಾಲೆಯ ನಲ್ಲಿ, ಹಳೆಯ ಅಪಾರ್ಟ್‌ಮೆಂಟುಗಳ ಪೈಪುಗಳಿಂದ ಕುಡಿಯುವ ನೀರು ಬಾಟಲಿಗಳಲ್ಲಿ ಬರುತ್ತಿತ್ತು. ಅದರಲ್ಲಿ ಸೀಸ ಎಷ್ಟಿದೆ, ಆರ್ಸೆನಿಕ್ ಎಷ್ಟಿದೆ ಎಂದು ಹೇಳುವ ಯಂತ್ರ ಹ್ವೇಲಾನಳ ಕೈಯಲ್ಲಿತ್ತು. ಚೆಂಗ್ಡುವಿನಿಂದ ಬಂದು ಹತ್ತೊಂಬತ್ತು ವರ್ಷ ಆ ಯಂತ್ರದ ಮುಂದೆ ನಿಂತವಳು. ಅದು ಉಸಿರು ಬದಲಿಸಿದರೆ ಪಕ್ಕದ ಕೋಣೆಯಲ್ಲಿದ್ದೇ ಅವಳಿಗೆ ತಿಳಿಯುತ್ತಿತ್ತು. ವಿಜಯಪುರದ ನಿವೇದಿತಾ ಧಾರವಾಡದಲ್ಲಿ ಎಂ.ಎಸ್ಸಿ. ಮಾಡಿ, ಮದುವೆಯಾಗಿ, ಮಗಳನ್ನು ಬೆಳೆಸುತ್ತ ಹತ್ತು ವರ್ಷ ಸ್ಯಾನ್ ರಮೋನಿನ ಮನೆಯಲ್ಲೇ ಇದ್ದು, ಆರು ವರ್ಷದ ಹಿಂದೆ ಈ ಲ್ಯಾಬಿಗೆ ಬಂದಾಗ ಅವಳ ಬೆರಳುಗಳಿಗೆ ಪಿಪೆಟ್ ಹಿಡಿಯುವುದೇ ಮರೆತುಹೋಗಿತ್ತು. ಕಲಿಸಿದವಳು ಹ್ವೇಲಾನ್.

ಕಲಿಸುವಾಗ ಬೈದಳು. ಕಲಿಸಿಯಾದ ಮೇಲೂ ಬೈದಳು. “ಈ ವಾರ ದಪ್ಪ ಆಗಿದೀಯ.” “ಈ ಬಣ್ಣ ನಿನಗೆ ಚೆನ್ನಾಗಿಲ್ಲ.” ನಿವೇದಿತಾಳ ಡಬ್ಬಿಗೆ ಕೇಳದೆ ಚಮಚ ಹಾಕಿ, ಬದನೆಕಾಯಿ ಎಣಗಾಯಿಯ ಅರ್ಧ ಮುಗಿಸಿ, “ಎಣ್ಣೆ ಜಾಸ್ತಿ, ನಿನ್ನ ಗಂಡನ್ನ ಕೊಲ್ತೀಯ” ಎನ್ನುತ್ತಿದ್ದಳು. ಅದೇ ಹ್ವೇಲಾನ್ ಕ್ರೇಗನ ಮುಂದೆ ನಿಂತರೆ ಬರೀ ದಯವಿಟ್ಟು, ಕ್ಷಮಿಸಿ, ತುಂಬಾ ಉಪಕಾರ. ಇದನ್ನು ಕೇಳಿದಾಗ ನಿವೇದಿತಾಳ ಅತ್ತೆ ಕಾಶವ್ವ ಅಡ್ಡ ತಲೆಯಾಡಿಸಿ, “ಅದ್ರಾಗೇನ ಐತವ್ವಾ? ಬೈಯವ್ರು ನಮ್ಮವ್ರು, ಬರ್ರಿ ಕುಂಡ್ರಿ ಅನ್ನವ್ರು ಬೀಗರು” ಎಂದಿದ್ದಳು.

ಮಾರ್ಚಿನಲ್ಲಿ ಹಳೆಯ ಸೂಪರ್‌ವೈಸರ್ ನಿವೃತ್ತಳಾದಾಗ ಆ ಜಾಗಕ್ಕೆ ಹ್ವೇಲಾನಳನ್ನು ಬಿಟ್ಟು ಇನ್ನೊಬ್ಬರ ಹೆಸರು ಯಾರ ಬಾಯಲ್ಲೂ ಇರಲಿಲ್ಲ. ಸೋಮವಾರದ ಮೀಟಿಂಗಿನಲ್ಲಿ, ಕಾಫಿ ಕುಡಿಯುತ್ತ, ಕ್ರೇಗ್ ಎಲ್ಲರೆದುರೇ ಕೇಳಿದ. “ಹ್ವೇಲಾನ್, ಸೂಪರ್‌ವೈಸರ್ ಕೆಲಸ ಬೇಕಾ?”

ಹ್ವೇಲಾನ್ ಬಾಯಿಗೆ ಕೈ ಅಡ್ಡ ಹಿಡಿದು ನಾಚಿದಳು. “ಬೇಡ ಬೇಡ. ನನಗೆ ವಯಸ್ಸಾಯ್ತು. ನನ್ನ ಇಂಗ್ಲಿಷ್ ಚೆನ್ನಾಗಿಲ್ಲ. ನನಗಿಂತ ಒಳ್ಳೆಯವರಿದ್ದಾರೆ.”

ಕ್ರೇಗ್ ಒಂದು ಗಳಿಗೆ ಮೇಜಿನ ಸುತ್ತ ಕಣ್ಣಾಡಿಸಿದ. ಆಮೇಲೆ, “ಅಬ್ಬಾ! ಕೆಲಸ ಸಿಗೋಕೆ ಮುಂಚೆನೇ ರಾಜೀನಾಮೆ. ಇದು ದಾಖಲೆ” ಎಂದ. ಎಲ್ಲರೂ ನಕ್ಕರು. ಮೀಟಿಂಗು ಮುಂದೆ ಹೋಯಿತು.

ಆ ಮಧ್ಯಾಹ್ನ ಹ್ವೇಲಾನ್ ಖುಷಿಯಲ್ಲಿದ್ದಳು. “ಒಳ್ಳೆ ಕೆಲಸ ಕೊಡ್ತೀನಿ ಅಂದ ತಕ್ಷಣ ಬಾಯಿ ಹಾಕೋದು ನಾಯಿ. ಮನುಷ್ಯರನ್ನ ಮೂರು ಸಲ ಕೇಳಬೇಕು. ಮುಂದಿನ ಸೋಮವಾರ ಕೇಳ್ತಾನೆ, ನೋಡ್ತಿರು” ಎಂದಳು. ಮುಂದಿನ ಸೋಮವಾರ ಇಸ್ತ್ರಿ ಮಾಡಿದ ನೀಲಿ ಕೋಟು ಹಾಕಿಕೊಂಡು ಬಂದಳು. ಅದರ ಮುಂದಿನ ಸೋಮವಾರವೂ ಅದೇ ಕೋಟು. ಮೂರನೆಯ ಸೋಮವಾರ ಕ್ರೇಗ್, ಇಪ್ಪತ್ತೊಂಬತ್ತು ವರ್ಷದ ಟೈಲರನ ಬೆನ್ನು ತಟ್ಟಿ, ಇವನೇ ನಿಮ್ಮ ಹೊಸ ಸೂಪರ್‌ವೈಸರ್ ಎಂದ. ಮೊದಲು ಚಪ್ಪಾಳೆ ತಟ್ಟಿದವಳು ಹ್ವೇಲಾನ್.

ಅಂದು ನಿವೇದಿತಾ ಕ್ರೇಗನ ಕೋಣೆಗೆ ನುಗ್ಗಿ ಹೇಳಿದ್ದಳು. “ಅವಳು ಬೇಡ ಅಂದಿದ್ದು ಬೇಡ ಅಂತಲ್ಲ. ನಮ್ಮೂರಲ್ಲೂ ಹೀಗೇ. ಊಟಕ್ಕೆ ಕೂತವರು ಸಾಕು ಅಂತ ಎಲೆಗೆ ಕೈ ಅಡ್ಡ ಹಿಡೀತಾರೆ, ಬಡಿಸೋರು ಬೆರಳ ಸಂದಿಯಲ್ಲೇ ಹುಗ್ಗಿ ಸುರೀತಾರೆ. ಬೇಡ ಅನ್ನೋದು ಅವರ ಮರ್ಯಾದೆ, ಮತ್ತೆ ಕೇಳೋದು ನಮ್ಮ ಮರ್ಯಾದೆ. ಮೂರು ಸಲ ಕೇಳಬೇಕು.”

ಕ್ರೇಗನ ಕಣ್ಣು ಅರಳಿತು. “ವಾವ್, ಎಷ್ಟು ಚೆನ್ನಾಗಿದೆ ಇದು! ಮೊದಲೇ ಯಾಕೆ ಹೇಳಲಿಲ್ಲ, ನಿವಿ?”

ನಿವೇದಿತಾ ಬಾಗಿಲು ಎಳೆದುಕೊಂಡು ಹೊರಗೆ ಬಂದಳು. ಕ್ರೇಗ್ ತಪ್ಪನ್ನು ತಿದ್ದಲಿಲ್ಲ. ಮುಂದಿನ ಸೋಮವಾರ ಡೋನಟ್ಟಿನ ಪೆಟ್ಟಿಗೆ ಹಿಡಿದು ಬಂದ. ಅಣಕ ಮೂರು ಸಲದ ಅಣಕವಾಗಿ ಬೆಳೆದಿತ್ತು. ಅವಳು ಕೊಟ್ಟ ವಿವರಣೆಯೇ ಅವರ ಕೈಗೆ ಹೊಸ ಕೋಲಾಗಿತ್ತು.

ಬೀಸುವ ಜಾಗ ಆಗಸ್ಟಿನ ಕೊನೆಗೆ ತಾನಾಗಿ ಬಂತು. ಲ್ಯಾಬಿನ ಪರವಾನಗಿಯನ್ನು ನವೀಕರಿಸಲು ಸರ್ಕಾರದ ಕಡೆಯಿಂದ ತಪಾಸಣೆಗೆ ಬರುತ್ತಾರೆಂದು ಪತ್ರ ಬಂತು. ಲೋಹ ಪರೀಕ್ಷೆಯ ಮೇಲ್ವಿಚಾರಕರಿಗೆ ರಸಾಯನಶಾಸ್ತ್ರದ ಓದು, ಯಂತ್ರದ ಅನುಭವ ಎರಡೂ ಇರಬೇಕೆಂಬ ನಿಯಮ ಅದರಲ್ಲಿತ್ತು. ಟೈಲರ್ ಓದಿದ್ದು ಬಿಸಿನೆಸ್ಸು. ಕ್ರೇಗ್ ನೆತ್ತಿ ಕೆರೆದುಕೊಂಡು, ನಿವೇದಿತಾಳ ಬೆಂಚನ್ನು ದಾಟಿ, ಹ್ವೇಲಾನಳ ಬೆಂಚಿಗೆ ಬಂದ.

“ಬರೀ ಕಾಗದದ ಮೇಲೆ ನಿನ್ನ ಹೆಸರು ಹಾಕ್ತೀವಿ ಅಷ್ಟೆ. ಮೇಲ್ವಿಚಾರಕಿ ಅಂತ. ಕೆಲಸ ಎಲ್ಲಾ ಟೈಲರೇ ನೋಡ್ಕೋತಾನೆ. ಬಂದವರಿಗೆ ತೋರಿಸೋಕೆ ಒಂದು ಸಹಿ. ಆಗುತ್ತಲ್ಲ?”

“ಆಗಲಿ, ಆಗಲಿ” ಎಂದಳು ಹ್ವೇಲಾನ್. “ಖಂಡಿತ. ನನ್ನನ್ನ ಕೇಳಿದ್ದೇ ದೊಡ್ಡ ಮಾತು. ತುಂಬಾ ಸಂತೋಷ.”

ಪಕ್ಕದ ಬೆಂಚಿನಲ್ಲಿದ್ದ ನಿವೇದಿತಾಳ ಮೈ ಉರಿದುಹೋಯಿತು. ಬಾಟಲಿಗಳನ್ನಿಡುವ ತಣ್ಣನೆಯ ಕೋಣೆಗೆ ಹ್ವೇಲಾನಳ ಹಿಂದೆಯೇ ಹೋಗಿ ಬಾಗಿಲು ಎಳೆದುಕೊಂಡಳು. “ಬುದ್ಧಿ ಇದೆಯಾ ನಿನಗೆ? ಕುರ್ಚಿ ಅವನಿಗೆ, ಸಹಿ ನಿನ್ನದು! ಯಾಕೆ ಒಪ್ಪಿಕೊಂಡೆ?”

ಹ್ವೇಲಾನ್ ಬಾಟಲಿಗಳ ಚೀಟಿಗಳನ್ನು ನಿಧಾನವಾಗಿ ಒಂದೇ ದಿಕ್ಕಿಗೆ ತಿರುಗಿಸುತ್ತಿದ್ದಳು. “ಬೇಡ ಅಂದಾಗ ಅವನಿಗೆ ಅರ್ಥ ಆಗಲಿಲ್ಲ. ಈಗ ಆಗಲಿ ಅಂದಿದೀನಿ. ಇದಾದರೂ ಅರ್ಥ ಆಯ್ತು ಅಂದ್ಕೊಂಡ್ಯಾ?”

ಆ ಚಳಿಯಲ್ಲೂ ನಿವೇದಿತಾಳ ಎದೆಯಿಂದ ಕಿವಿಯ ತನಕ ಬೆಚ್ಚಗಿನದೇನೋ ಏರಿತು. ಆಹಾ ಮುದುಕಿ! “ನಾನು ಏನು ಮಾಡಲಿ? ಹೇಳು, ಏನು ಬೇಕಾದ್ರೂ ಮಾಡ್ತೀನಿ.”

“ದಯವಿಟ್ಟು, ನೀನು ತೊಂದರೆ ತಗೋಬೇಡ” ಎಂದಳು ಹ್ವೇಲಾನ್. “ನೀನು ಯಾವಾಗಲೂ ಎಷ್ಟು ಒಳ್ಳೆಯವಳು.”

ಎಂದೂ ಇಲ್ಲದ ಈ ಹೊಗಳಿಕೆಗೆ ನಿವೇದಿತಾಳ ಕಣ್ಣು ತೇವವಾಯಿತು.

ತೊಂದರೆ ತಗೋಬೇಡ ಎಂದರೂ ಅವಳು ತೆಗೆದುಕೊಂಡಳು. ಎರಡು ವಾರದ ನಂತರ ಟೈಲರ್ ಹಿಂಜರಿಯುತ್ತ ಬಂದು, “ನಿವಿ, ಹ್ವೇಲಾನ್ ಇನ್ನೂ ಸಹಿ ಮಾಡಿಲ್ಲ. ತಪಾಸಣೆ ದಿನಾನೇ ಮಾಡ್ತೀನಿ ಅಂತಾಳೆ. ಬೇಜಾರೇನಾದ್ರೂ ಇದೆಯಾ ಅವಳಿಗೆ?” ಎಂದು ಕೇಳಿದ. ನಿವೇದಿತಾ ತನ್ನ ಬಳಿಯಿದ್ದ ನಗೆಗಳಲ್ಲೆಲ್ಲ ಸಿಹಿಯಾದದ್ದನ್ನು ಆರಿಸಿ ಮುಖಕ್ಕೆ ಹಾಕಿಕೊಂಡಳು. “ಬೇಜಾರಾ? ಹೆಮ್ಮೆ ಅವಳಿಗೆ. ಅವರಲ್ಲಿ ಅತಿಥಿಗಳ ಮುಂದೆ ಸಹಿ ಮಾಡೋದೇ ಗೌರವ.” ಟೈಲರ್ ನಿರಾಳವಾಗಿ ಹೋದ. ಸುಳ್ಳು ಅವಳ ನಾಲಗೆಯ ಮೇಲೆ ಬೆಲ್ಲದಂತೆ ಕರಗಿತು.

ಅಂದು ರಾತ್ರಿ ಮನೆಯಲ್ಲಿ ಊಟಕ್ಕೆ ಕೂತಾಗ ಅವಳು ಇದನ್ನೆಲ್ಲ ಕೈ ತಿರುವಿ ತಿರುವಿ ಹೇಳಿದಳು. ಹದಿಮೂರರ ಮಗಳು ಮಾನ್ಯಾ ಫೋನಿನಿಂದ ತಲೆಯೆತ್ತಿ, “ಮಾಮ್, ದಟ್ಸ್ ಸೋ ಮೀನ್. ಐ ಲವ್ ಇಟ್” ಎಂದಳು. ಕಾಶವ್ವ ಮಾತ್ರ ರೊಟ್ಟಿ ಮುರಿಯುತ್ತ ಬೇರೇನೋ ಯೋಚಿಸುತ್ತಿದ್ದಳು.

“ಅಲ್ಲವ್ವಾ, ಆ ಮೊದಲನೇ ಸೋಮಾರ ಆಕಿ ಬ್ಯಾಡ ಅಂದ್ಲಲ್ಲ, ಅವಾಗ ನೀ ಅಲ್ಲೇ ಇದ್ದಿ?”

“ಇದ್ನಿರಿ.”

“ಅದು ಖರೇ ಬ್ಯಾಡ ಅಲ್ಲ ಅಂತ ನಿನಗ ಗೊತ್ತಿತ್ತು.”

“ಗೊತ್ತಿತ್ತು.”

“ಮತ್ತ ನೀ ಏನ ಅಂದಿ?”

ನಿವೇದಿತಾ ನೀರು ಕುಡಿದಳು. ಏನೂ ಅಂದಿರಲಿಲ್ಲ. ಅಂದು ಮೇಜಿನ ಸುತ್ತ ಕಣ್ಣಾಡಿಸಿದ ಕ್ರೇಗ್ ಕೊನೆಗೆ ನಿಲ್ಲಿಸಿದ್ದು ಅವಳ ಮುಖದ ಮೇಲೆ. ಹುಬ್ಬೇರಿಸಿ, ನಿಜವೇ, ಎಂಬಂತೆ ನೋಡಿದ್ದ. ನನಗಿಂತ ಒಳ್ಳೆಯವರಿದ್ದಾರೆ ಎಂಬ ಹ್ವೇಲಾನಳ ಮಾತು ಆಗಿನ್ನೂ ಗಾಳಿಯಲ್ಲಿತ್ತು. ಆ ಒಳ್ಳೆಯವರು ಯಾರು? ಹ್ವೇಲಾನ್ ಬಿಟ್ಟರೆ ಆ ಯಂತ್ರ ಗೊತ್ತಿದ್ದವಳು, ರಸಾಯನಶಾಸ್ತ್ರ ಓದಿದವಳು ಇನ್ಯಾರು? ಒಂದು ಉಸಿರಿನಷ್ಟು ಹೊತ್ತು ಆ ಕುರ್ಚಿಯಲ್ಲಿ ತಾನು ಕೂತಂತೆ ಕಂಡಿತ್ತು. ಅವಳು ಕ್ರೇಗನಿಗೆ, ನನಗೇನು ಗೊತ್ತು ಎಂಬಂತೆ, ಭುಜ ಹಾರಿಸಿದ್ದಳು. ಕ್ರೇಗ್ ಕುರ್ಚಿಯನ್ನು ಅವಳಿಗೆ ಕೊಡುವುದಿರಲಿ, ಕೇಳಲೂ ಇಲ್ಲ.

“ಯಾಕ ಸುಮ್ಮನಾದಿ?” ಎಂದಳು ಕಾಶವ್ವ.

“ಪಲ್ಯ ಹಾಕ್ಲೇನ್ರಿ?” ಎಂದು ನಿವೇದಿತಾ ಎದ್ದಳು. ಕಾಶವ್ವ ತಾಟಿಗೆ ಕೈ ಅಡ್ಡ ಹಿಡಿಯಲಿಲ್ಲ. ತಾಟನ್ನೇ ದೂರ ಸರಿಸಿದಳು.

ಆ ಸರಿದ ತಾಟು ನಿವೇದಿತಾಳ ಸಿಟ್ಟನ್ನು ಆರಿಸಲಿಲ್ಲ, ಉರಿಸಿತು. ತನ್ನನ್ನು ಹಾಗೆ ಮಾಡಿದವನು ಯಾರು? ಕಾಫಿ ಕುಡಿಯುತ್ತ ಮನುಷ್ಯರ ಹತ್ತೊಂಬತ್ತು ವರ್ಷವನ್ನು ಒಂದು ಪ್ರಶ್ನೆಯಲ್ಲಿ ಮುಗಿಸಿದವನು. ಒಂದೇ ಕುರ್ಚಿ ಇಟ್ಟು, ಇಬ್ಬರ ಬಾಯಲ್ಲೂ ನೀರೂರಿಸಿ, ಮೂರನೆಯವನನ್ನು ಕೂರಿಸಿದವನು. ಹೀಗೆ ಎಣಿಸಿ ಎಣಿಸಿ ಅವಳು ತನ್ನ ಪಾಲನ್ನೂ ಕ್ರೇಗನ ತಲೆಗೇ ಕಟ್ಟಿದಳು.

ತಪಾಸಣೆಗೆ ಬಂದವಳು ಡೆಬ್ರಾ ಎಂಬ ನರೆಗೂದಲಿನ ಹೆಂಗಸು. ದಪ್ಪ ಕಡತ, ತೆಳ್ಳನೆಯ ತುಟಿ. ಎರಡು ದಿನ ಕಪಾಟು ಕಪಾಟು ತೆರೆಸಿ ನೋಡಿ, ಶುಕ್ರವಾರ ಮಧ್ಯಾಹ್ನ ಎಲ್ಲರನ್ನೂ ಮೀಟಿಂಗ್ ಕೋಣೆಯಲ್ಲಿ ಕೂರಿಸಿದಳು. ಕಾಗದಗಳನ್ನು ಒಂದೊಂದಾಗಿ ಮಗುಚುತ್ತ ಒಂದು ಹಾಳೆಯಲ್ಲಿ ನಿಂತಳು.

“ಲೋಹ ಪರೀಕ್ಷೆಯ ಮೇಲ್ವಿಚಾರಕಿ, ಹ್ವೇಲಾನ್ ಶೂ. ಇಲ್ಲಿ ಸಹಿ ಇಲ್ಲವಲ್ಲ?”

“ನಿಮ್ಮ ಮುಂದೇನೇ ಮಾಡಬೇಕು ಅಂತ ಕಾದಿದಾಳೆ” ಎಂದು ಕ್ರೇಗ್ ಪೆನ್ನನ್ನು ಹ್ವೇಲಾನಳ ಕಡೆ ಉರುಳಿಸಿದ. “ಮಾಡು, ಹ್ವೇಲಾನ್.”

ಹ್ವೇಲಾನ್ ಬಾಯಿಗೆ ಕೈ ಅಡ್ಡ ತಂದಳು. “ಬೇಡ ಬೇಡ.”

ಕ್ರೇಗ್ ನಕ್ಕ. ಡೆಬ್ರಾಳತ್ತ ಬಾಗಿ, ಮನೆಯ ಗುಟ್ಟು ಹೇಳುವವನಂತೆ, “ಇದು ಅವರ ಸಂಸ್ಕೃತಿ. ಬಹಳ ಸೊಗಸು. ಒಳ್ಳೆಯದಕ್ಕೆಲ್ಲ ಮೊದಲು ಬೇಡ ಅನ್ನಬೇಕು. ಮೂರು ಸಲ ಕೇಳಬೇಕು. ನಮಗೆಲ್ಲ ಅಭ್ಯಾಸ ಆಗಿಬಿಟ್ಟಿದೆ” ಎಂದ. ಎರಡು ಬೆರಳು ಎತ್ತಿದ. “ಎರಡನೇ ಸಲ ಕೇಳ್ತಿದೀನಿ, ಹ್ವೇಲಾನ್. ದಯವಿಟ್ಟು ಸಹಿ ಮಾಡ್ತೀಯಾ?”

“ಬೇಡ” ಎಂದಳು ಹ್ವೇಲಾನ್. ಈ ಸಲ ಒಂದೇ ಬೇಡ.

ಅಭ್ಯಾಸ ಬಲದಿಂದ ಟೈಲರ್ ಕಿಸಕ್ಕೆಂದ. ಡೆಬ್ರಾ ಅವನತ್ತ ನೋಡಿದ ಕೂಡಲೇ ನಗು ಅರ್ಧದಲ್ಲೇ ಕೆಮ್ಮಾಯಿತು.

“ಮೂರನೇ ಸಲ” ಎಂದ ಕ್ರೇಗ್. ಅವನ ಮೂರನೆಯ ಬೆರಳು ಸರಿಯಾಗಿ ಮೇಲೇಳಲಿಲ್ಲ.

ಹ್ವೇಲಾನ್ ಕೈಯನ್ನು ಬಾಯಿಂದ ತೆಗೆದು ಮೇಜಿನ ಮೇಲಿಟ್ಟಳು. ಆರು ವರ್ಷದಲ್ಲಿ ನಿವೇದಿತಾ ಅವಳ ಹಲ್ಲುಗಳನ್ನು ಪೂರ್ತಿ ನೋಡಿದ್ದು ಆಗಲೇ. “ಇಲ್ಲ. ನಾನು ಇಲ್ಲಿ ಯಾರ ಮೇಲ್ವಿಚಾರಣೆಯನ್ನೂ ಮಾಡಿಲ್ಲ. ಟೈಲರ್ ಮಾಡ್ತಾನೆ. ತುಂಬಾ ಒಳ್ಳೆಯವನು. ದಯವಿಟ್ಟು ಅವನನ್ನೇ ಕೇಳಿ.”

ಕ್ರೇಗ್ ಎಲ್ಲರ ಮುಖವನ್ನೂ ಹುಡುಕಿ ಹುಡುಕಿ ಕೊನೆಗೆ ನಿವೇದಿತಾಳಲ್ಲಿಗೆ ಬಂದ. ಮಾರ್ಚಿನಲ್ಲಿ ನಿಂತಂತೆಯೇ ಅವನ ಕಣ್ಣು ಬಂದು ನಿಂತಿತು. “ನಿವಿ, ನೀನೇ ಹೇಳು ಇವರಿಗೆ. ಇದು ನಿಜವಾದ ಬೇಡ ಅಲ್ಲ, ಅಲ್ವಾ? ಇದೆಲ್ಲ ನಿನಗೆ ಗೊತ್ತು.”

ಅವನ ಕುತ್ತಿಗೆಯಲ್ಲಿ ನರವೊಂದು ಹಾರುತ್ತಿತ್ತು. ನಿವೇದಿತಾ ಅವಸರ ಮಾಡಲಿಲ್ಲ. ಹಬ್ಬದೂಟದಲ್ಲಿ ಸಿಹಿಯನ್ನು ಕೊನೆಗೆ ಉಳಿಸಿಕೊಳ್ಳುವವಳ ಹಾಗೆ, ಆ ನರ ಹಾರುವುದನ್ನೇ ನೋಡುತ್ತ ಕೂತಳು. ಆಮೇಲೆ ಬಹಳ ಮೆತ್ತಗೆ ಹೇಳಿದಳು.

“ಗೊತ್ತು. ಬೇಡ ಅಂದರೆ ಬೇಡ, ಕ್ರೇಗ್. ಈ ಮೇಜಿನ ಮೇಲೆ ಅದೇ ಪದ್ಧತಿ. ಮಾರ್ಚಿನಲ್ಲಿ ಇವಳನ್ನ ಒಂದೇ ಸಲ ಕೇಳಿ, ಬೇಡ ಅಂದಿದ್ದಕ್ಕೆ ನಕ್ಕು, ಆ ಕೆಲಸ ಟೈಲರಿಗೆ ಕೊಟ್ಟೆಯಲ್ಲ. ಆ ಪದ್ಧತಿ ಹಾಕಿದವನು ನೀನೇ.”

ಡೆಬ್ರಾ ಟೈಲರನಿಗೆ ಯಂತ್ರದ ಬಗ್ಗೆ ಎರಡು ಪ್ರಶ್ನೆ ಕೇಳಿದಳು. ಮೊದಲನೆಯದಕ್ಕೆ ಅವನು ಕ್ರೇಗನ ಮುಖ ನೋಡಿದ. ಎರಡನೆಯದಕ್ಕೆ ಹ್ವೇಲಾನಳ ಮುಖ ನೋಡಿದ. ಹ್ವೇಲಾನ್ ಅವನಿಗೆ ಧೈರ್ಯ ತುಂಬುವಂತೆ ತಲೆಯಾಡಿಸಿ ನಕ್ಕಳು. ಡೆಬ್ರಾ ಬರೆದುಕೊಂಡಳು. ಅರ್ಹ ಮೇಲ್ವಿಚಾರಕರು ಸಿಗುವ ತನಕ ಲೋಹ ಪರೀಕ್ಷೆ ಬಂದ್. ಬಾಟಲಿ ಕಳಿಸಿದ್ದ ಪ್ರತಿ ಊರಿಗೂ ಕ್ರೇಗನೇ ಫೋನ್ ಮಾಡಿ ತಿಳಿಸಬೇಕು.

ಕಾರಿಡಾರಿನಲ್ಲಿ ಕ್ರೇಗ್ ಹ್ವೇಲಾನಳನ್ನು ಅಡ್ಡಗಟ್ಟಿದ. ಮುಖ ಕೆಂಡವಾಗಿತ್ತು, ಮಾತು ಮಾತ್ರ ಬೆಣ್ಣೆ. “ಸೂಪರ್‌ವೈಸರ್ ಕೆಲಸ ನಿನ್ನದೇ. ನಿಜವಾದದ್ದು, ಕಾಗದದ್ದಲ್ಲ. ಇವತ್ತಿಂದಲೇ.”

ಹ್ವೇಲಾನ್ ಚೀಲದಿಂದ ಒಂದು ಲಕೋಟೆ ತೆಗೆದು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಬೆರ್ರಿಯೆಸಾದ ಸ್ಟೇಷನ್ನಿನ ಹತ್ತಿರ ಇನ್ನೊಂದು ಲ್ಯಾಬಿದೆ. ಅಲ್ಲಿನವರು ಅವಳನ್ನು ಮೂರು ಸಲ ಕೇಳಿದ್ದರಂತೆ. ರಾಜೀನಾಮೆಯ ಇಂಗ್ಲಿಷಿನಲ್ಲಿ ಒಂದು ತಪ್ಪೂ ಇರಲಿಲ್ಲ.

ಪಾರ್ಕಿಂಗಿಗೆ ಬರುವಷ್ಟರಲ್ಲಿ ನಿವೇದಿತಾಳ ಕಾಲು ನೆಲದ ಮೇಲಿರಲಿಲ್ಲ. “ಅವನ ಮುಖ ನೋಡಿದ್ಯಾ? ಸುಟ್ಟ ಬದನೆಕಾಯಿ! ನಡಿ, ಸ್ಟೇಷನ್ ತನಕ ಬಿಡ್ತೀನಿ.”

“ನಿಮಗೆ ತೊಂದರೆ” ಎಂದಳು ಹ್ವೇಲಾನ್.

“ಎಂಥಾ ತೊಂದರೆ, ಹತ್ತು.” ನಿವೇದಿತಾ ಮುಂದಿನ ಬಾಗಿಲು ತೆರೆದಳು.

ಹ್ವೇಲಾನ್ ಹಿಂದಿನ ಬಾಗಿಲು ತೆರೆದು, ಸ್ಕರ್ಟನ್ನು ಸರಿಪಡಿಸಿಕೊಂಡು ಹಿಂದಿನ ಸೀಟಿನಲ್ಲಿ ಕೂತಳು. ಬೆಲ್ಟ್ ಹಾಕಿಕೊಂಡಳು. ತೆರೆದ ಮುಂದಿನ ಬಾಗಿಲನ್ನು ನಿವೇದಿತಾ ಏನು ಮಾಡುವುದೆಂದು ತಿಳಿಯದೆ ಮುಚ್ಚಿದಳು.

ಮೊದಲ ಸಿಗ್ನಲ್ಲಿನಲ್ಲಿ ಹ್ವೇಲಾನ್ ಕೇಳಿದಳು. “ನಿಮ್ಮ ಭುಜದ ನೋವು ಈಗ ಹೇಗಿದೆ?” ಇಂಗ್ಲಿಷಿನಲ್ಲಿ ನೀನು, ನೀವು ಎಂಬ ಭೇದವಿಲ್ಲ. ಆದರೂ ನಿವೇದಿತಾಳ ಕಿವಿಗೆ ಅದು ಬಹುವಚನವಾಗಿಯೇ ಬಿತ್ತು.

“ಭುಜ? ನನಗೇನೂ ನೋವಿಲ್ಲವಲ್ಲ.”

“ಓ, ಒಳ್ಳೆಯದು. ಮಾರ್ಚಿನಲ್ಲಿ ಒಂದು ಸೋಮವಾರ ಕ್ರೇಗ್ ನಿಮ್ಮ ಕಡೆ ನೋಡಿದಾಗ ಹೀಗೆ ಎತ್ತಿದ್ರಲ್ಲ.” ಕನ್ನಡಿಯಲ್ಲಿ ಹ್ವೇಲಾನಳ ಭುಜ ಒಂದಿಷ್ಟೇ ಎದ್ದು ಇಳಿಯಿತು. “ನೋವಿರಬೇಕು ಅಂದ್ಕೊಂಡೆ.”

ಹಸಿರು ಬಿದ್ದದ್ದು ಹಿಂದಿನವರು ಹಾರ್ನ್ ಹೊಡೆದ ಮೇಲೆ ಗೊತ್ತಾಯಿತು. ನಿವೇದಿತಾ ಬಾಯಿ ತೆರೆದಳು. ಬೈ ನನ್ನ, ಎಂದು ಕೇಳಬೇಕೆನಿಸಿತು. “ಹ್ವೇಲಾನ್, ಅವತ್ತು ನಾನು…”

“ಇಲ್ಲೇ ನಿಲ್ಲಿಸಿದರೆ ಸಾಕು” ಎಂದಳು ಹ್ವೇಲಾನ್. “ತುಂಬಾ ಉಪಕಾರ ಆಯ್ತು. ನಿಮ್ಮ ಮನೆಯವರಿಗೆಲ್ಲ ನನ್ನ ನಮಸ್ಕಾರ ತಿಳಿಸಿ.”

ಬಾಗಿಲನ್ನು ಸದ್ದಾಗದಂತೆ ಮುಚ್ಚಿದಳು. ಕಿಟಕಿಯ ಹತ್ತಿರ ಬಾಗಿ ಇನ್ನೊಮ್ಮೆ ತಲೆ ತಗ್ಗಿಸಿ, ಶುಕ್ರವಾರದ ಜನರ ನಡುವೆ ಎಸ್ಕಲೇಟರಿನ ಬಲಗಡೆಯಲ್ಲಿ ನೆಟ್ಟಗೆ ನಿಂತು ಮೇಲೇರಿದಳು. ಅವಸರದವರಿಗೆ ದಾರಿ ಬಿಡುತ್ತ, ಹೋಗಿ ಹೋಗಿ ಎಂದು ಕೈ ತೋರಿಸುತ್ತಿದ್ದಳು. ಮೇಲೆ ರೈಲು ಬಂದು ನಿಂತ ಸದ್ದಾಯಿತು, ಹೊರಟ ಸದ್ದಾಯಿತು. ಜನರನ್ನು ಹತ್ತಿಸಿ ಇಳಿಸುವ ಬಿಳಿಯ ಗೆರೆಯ ಪಕ್ಕ ಇನ್ನೂ ನಿಂತಿದ್ದ ಕಾರಿನ ಹತ್ತಿರ ಒಬ್ಬ ಅಪರಿಚಿತ ಬಂದು, ತಾನು ಫೋನಿನಲ್ಲಿ ಕರೆಸಿದ ಟ್ಯಾಕ್ಸಿ ಇದೇ ಎಂದುಕೊಂಡು, ಹಿಂದಿನ ಬಾಗಿಲ ಹಿಡಿಗೆ ಕೈ ಹಾಕಿದ. ಆಮೇಲೆ ನಿವೇದಿತಾಳ ಮುಖ ನೋಡಿ, “ಕ್ಷಮಿಸಿ” ಎಂದು ಕೈ ತೆಗೆದ.